ಜಾರಿದ ಮೇಣ, ಊದಿದ ಮುಖ

ಮೂಗು ಸಂಪಿಗೆಯಂತಿರಬೇಕು ಎಂಬುದು ನಮ್ಮವರ ಹಳೆಯ ಬಯಕೆ. ಗ್ರೀಕ್ ಶಿಲ್ಪಗಳಂತೆ ಹಣೆಯಿಂದ ತುದಿಯವರೆಗೆ ನೇರವಾಗಿರಬೇಕು ಎಂಬುದು ಗ್ಲಾಡಿಸ್ ಡೀಕನ್‌ಳ ಬಯಕೆಯಾಗಿತ್ತು. ಪ್ಯಾರಿಸ್‌ನಲ್ಲಿ ಹುಟ್ಟಿದ ಈ ಅಮೆರಿಕನ್ ಚೆಲುವೆ ಯುರೋಪಿನ ಸಿರಿವಂತ ವಲಯದಲ್ಲಿ ಹೆಸರುವಾಸಿ. 1903ರ ಸುಮಾರಿಗೆ ಆಕೆ ಮೂಗಿನ ಬುಡಕ್ಕೆ ಪ್ಯಾರಾಫಿನ್ ಮೇಣ ಚುಚ್ಚಿಸಿಕೊಂಡಳು. ಮೇಣ ಅಲ್ಲಿ ನಿಲ್ಲಲಿಲ್ಲ; ಕೆಳಗೆ ಗದ್ದದತ್ತ ಜಾರಿತು. 1921ರಲ್ಲಿ ಆಕೆ ಮಾರ್ಲ್‌ಬರೋದ ಒಂಬತ್ತನೆಯ ಡ್ಯೂಕ್‌ನನ್ನು ಮದುವೆಯಾಗಿ ಇಂಗ್ಲೆಂಡಿನ ಬ್ಲೆನಿಮ್ ಅರಮನೆ ಸೇರಿದಳು. ಮುಖ ಮಾತ್ರ ಮೊದಲಿನಂತಾಗಲಿಲ್ಲ.

ಈ ಮೇಣದ ಚಿಕಿತ್ಸೆಗೆ ನಾಂದಿ ಹಾಡಿದವರು ವಿಯೆನ್ನಾದ ಶಸ್ತ್ರವೈದ್ಯ ರಾಬರ್ಟ್ ಗೆರ್ಸುನಿ. 1899ರಲ್ಲಿ ಅವರು ಇದನ್ನು ಮೊದಲು ಬಳಸಿದ್ದು ಸೌಂದರ್ಯಕ್ಕಾಗಿ ಅಲ್ಲ. ಕ್ಷಯರೋಗದಿಂದ ವೃಷಣ ಕಳೆದುಕೊಂಡ ಯುವಕನೊಬ್ಬನಿಗಾಗಿ. ಬಳಿಕ ಕುಸಿದ ಮೂಗನ್ನು ಎತ್ತಲು, ಸುಕ್ಕು ಅಳಿಸಲು ಮೇಣ ಬಳಕೆಗೆ ಬಂತು. ಕೆಲವೇ ವರ್ಷಗಳಲ್ಲಿ ದೂರುಗಳೂ ಬಂದವು. ದೇಹ ಮೇಣವನ್ನು ತನ್ನದೆಂದು ಒಪ್ಪಲಿಲ್ಲ. ಅದರ ಸುತ್ತ ಗಟ್ಟಿ ಅಂಗಾಂಶ ಬೆಳೆದು ಗಂಟಾಯಿತು, ಹುಣ್ಣಾಯಿತು. ವೈದ್ಯರು ಆ ಗಂಟಿಗೆ 'ಪ್ಯಾರಾಫಿನೋಮಾ' ಎಂಬ ಹೆಸರನ್ನೇ ಇಡಬೇಕಾಯಿತು.

ಮೇಣ ಹೋಯಿತು, ಆಸೆ ಹೋಗಲಿಲ್ಲ. ಎರಡನೇ ಮಹಾಯುದ್ಧದ ನಂತರ ಜಪಾನಿನಲ್ಲಿ ಮತ್ತು ಅಮೆರಿಕದಲ್ಲಿ ದ್ರವ ಸಿಲಿಕೋನ್ ಅದರ ಜಾಗಕ್ಕೆ ಬಂತು. ಅದೂ ಸರಿದಾಡಿತು, ಗಂಟುಕಟ್ಟಿತು. 1970ರ ದಶಕದಲ್ಲಿ ಅಮೆರಿಕದ ನೆವಾಡಾ ರಾಜ್ಯ ಇಂಥ ಚುಚ್ಚುಮದ್ದನ್ನು ಅಪರಾಧವೆಂದೇ ಘೋಷಿಸಿತು. 1981ರಲ್ಲಿ ಹಸುವಿನ ಚರ್ಮದಿಂದ ತೆಗೆದ ಕೊಲಾಜೆನ್‌ಗೆ ಅಮೆರಿಕ ಅನುಮತಿ ನೀಡಿತು. ಅದು ಕೆಲವೇ ತಿಂಗಳಲ್ಲಿ ಕರಗುತ್ತಿತ್ತು. ಆದರೆ ನೂರರಲ್ಲಿ ಸುಮಾರು ಮೂವರಿಗೆ ಅಲರ್ಜಿ ಆಗುತ್ತಿದ್ದುದರಿಂದ ಮೊದಲು ಕೈಗೆ ಚುಚ್ಚಿ ಪರೀಕ್ಷಿಸಬೇಕಿತ್ತು.

ಇಂದು ಹೆಚ್ಚು ಬಳಕೆಯಲ್ಲಿರುವ ಫಿಲ್ಲರ್ ಹಯಲುರಾನಿಕ್ ಆಮ್ಲದ್ದು. 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಹಸುವಿನ ಕಣ್ಣಿನೊಳಗಿನ ಲೋಳೆಯಿಂದ ಇದನ್ನು ಬೇರ್ಪಡಿಸಿದರು. ಮನುಷ್ಯನ ಚರ್ಮದಲ್ಲೂ ಇರುವ ಈ ವಸ್ತು ನೀರನ್ನು ಹಿಡಿದಿಡುತ್ತದೆ. ಕೆನ್ನೆ ತುಂಬಿಕೊಳ್ಳುವುದೂ ಅದರಿಂದಲೇ, ಕೆಲವೊಮ್ಮೆ ಕಣ್ಣಿನ ಕೆಳಗೆ ಊದಿಕೊಳ್ಳುವುದೂ ಅದರಿಂದಲೇ. ತುಟಿಗೆ ಅತಿಯಾಗಿ, ಪದೇ ಪದೇ ಚುಚ್ಚಿಸಿಕೊಂಡಾಗ ಸ್ನಾಯುಗಳ ಚಲನೆಯಿಂದ ಫಿಲ್ಲರ್ ತುಟಿಯ ಅಂಚು ದಾಟಿ ಮೇಲೆ ಸರಿಯುವುದೂ ಉಂಟು. ಆರು ತಿಂಗಳಿಂದ ಒಂದು ವರ್ಷದಲ್ಲಿ ಕರಗುತ್ತದೆ ಎಂಬ ಮಾತು ವಾಡಿಕೆಯಲ್ಲಿದ್ದರೂ, ಹಲವು ವರ್ಷಗಳ ನಂತರವೂ ಅದು ಮುಖದಲ್ಲಿ ಉಳಿದಿರುವುದನ್ನು ಎಂಆರ್‌ಐ ಚಿತ್ರಗಳು ತೋರಿಸಿವೆ.

ಚರ್ಮದಡಿಯ ಈ ಅತಿಥಿಯನ್ನು ದೇಹ ಮರೆತಿರುವುದಿಲ್ಲ ಎಂಬುದಕ್ಕೆ 2020ರ ಡಿಸೆಂಬರ್ ಸಾಕ್ಷಿ. ಮಾಡರ್ನಾ ಕಂಪೆನಿಯ ಕೋವಿಡ್ ಲಸಿಕೆಯ ಪ್ರಯೋಗದಲ್ಲಿ ಸುಮಾರು 30,000 ಮಂದಿ ಪಾಲ್ಗೊಂಡಿದ್ದರು. ಹಿಂದೆ ಫಿಲ್ಲರ್ ಹಾಕಿಸಿಕೊಂಡಿದ್ದ ಮೂವರಿಗೆ ಲಸಿಕೆಯ ಬಳಿಕ ಮುಖ ಅಥವಾ ತುಟಿ ಊದಿಕೊಂಡಿತು. ಎಚ್ಚೆತ್ತ ರೋಗನಿರೋಧಕ ವ್ಯವಸ್ಥೆ ಹಳೆಯ ಹೊರವಸ್ತುವಿನತ್ತಲೂ ತಿರುಗಿರಬಹುದು ಎಂಬುದು ವೈದ್ಯರ ವಿವರಣೆ. ಆ ಊತ ಚಿಕಿತ್ಸೆಗೆ ಬಗ್ಗಿತು.

ಗ್ಲಾಡಿಸ್‌ಳ ಕಾಲಕ್ಕೂ ಈ ಕಾಲಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಹಯಲುರಾನಿಕ್ ಆಮ್ಲವನ್ನು ಕರಗಿಸಬಲ್ಲ ಹಯಲುರಾನಿಡೇಸ್ ಎಂಬ ಕಿಣ್ವ ಈಗ ವೈದ್ಯರ ಬಳಿ ಇದೆ. ಆದರೆ ಅದು ಸಿಲಿಕೋನನ್ನಾಗಲಿ ಉಳಿದ ಬಗೆಯ ಫಿಲ್ಲರ್‌ಗಳನ್ನಾಗಲಿ ಕರಗಿಸದು. ಆದ್ದರಿಂದ ಸೂಜಿಗೆ ಮುಖ ಒಡ್ಡುವ ಮುನ್ನ, ಎಷ್ಟು ಚೆಂದ ಕಾಣುತ್ತೇನೆ ಎಂಬುದರ ಜೊತೆಗೆ ಇನ್ನೂ ಎರಡು ಪ್ರಶ್ನೆ ಕೇಳುವುದು ಒಳ್ಳೆಯದು: ಒಳಗೆ ಹೋಗುತ್ತಿರುವುದು ಏನು? ಬೇಡವಾದಾಗ ಅದನ್ನು ಹೊರಗೆ ಕಳಿಸುವ ದಾರಿ ಯಾವುದು?