ಚಿತ್ರಮಣಿಗಳ ಚರಿತ್ರೆ

ಬೆಂಡೆಕಾಯಿಯನ್ನು ಅಡ್ಡಲಾಗಿ ಹೆಚ್ಚಿದರೆ ಪ್ರತಿಯೊಂದು ಬಿಲ್ಲೆಯಲ್ಲಿಯೂ ಒಂದೇ ಬಗೆಯ ನಕ್ಷತ್ರ ಕಾಣುವುದನ್ನು ನಮ್ಮ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಆ ನಕ್ಷತ್ರವು ಕಾಯಿಯ ಉದ್ದಕ್ಕೂ ಇದೆ. ಎಲ್ಲಿ ಕೊಯ್ದರೂ ಅದೇ ತೋರುತ್ತದೆ. ಇದೇ ತತ್ತ್ವವನ್ನು ಹಿಡಿದು ಚಿತ್ರದ ಮಣಿಗಳನ್ನೂ ಬಿಲ್ಲೆಗಳನ್ನೂ ಮಾಡುವ ಕಲೆಯೊಂದುಂಟು. ಅದರ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸುತ್ತೇವೆ.

ಇಂದು ಈ ಕೆಲಸಕ್ಕೆ ಹೆಚ್ಚಾಗಿ ಬಳಸುವ ವಸ್ತು ಪಾಲಿಮರ್ ಕ್ಲೇ. ಹೆಸರಿನಲ್ಲಿ ಜೇಡಿಮಣ್ಣಿದ್ದರೂ ಇದು ಮಣ್ಣಲ್ಲ. ಮೃದುಗೊಳಿಸಿದ ಒಂದು ಜಾತಿಯ ಪ್ಲಾಸ್ಟಿಕ್. ಹಳದಿ ಬಣ್ಣದ ಒಂದು ಉರುಳೆಯನ್ನು ನಡುವೆ ನಿಲ್ಲಿಸಿ, ಅದರ ಸುತ್ತ ಆರು ಕೆಂಪು ಉರುಳೆಗಳನ್ನು ಹೊಂದಿಸಿ, ಎಡೆಗಳಲ್ಲಿ ಹಸಿರನ್ನು ತುಂಬಿ, ಮೇಲೊಂದು ತೆಳುವಾದ ಹಾಳೆಯನ್ನು ಸುತ್ತಿದರೆ ಹೂವಿನ ದಿಂಡು ಸಿದ್ಧವಾಗುತ್ತದೆ. ಬಳಿಕ ಅದನ್ನು ನಡುವಿನಿಂದ ಒತ್ತುತ್ತ, ಉರುಳಿಸುತ್ತ, ಎರಡು ತುದಿಗಳತ್ತ ಸಾಗಿಸಬೇಕು. ದಿಂಡು ಸಣ್ಣದಾದಂತೆಲ್ಲ ಒಳಗಿನ ಹೂವೂ ಸಣ್ಣದಾಗುತ್ತದೆ. ಆದರೆ ಅದರ ರೂಪ ಕೆಡುವುದಿಲ್ಲ. ಆಮೇಲೆ ಕೆಲಹೊತ್ತು ತಣಿಯಲು ಬಿಟ್ಟು, ಹರಿತವಾದ ಅಲಗಿನಿಂದ ಬಿಲ್ಲೆಗಳನ್ನು ಕೊಯ್ದು, ಸುಮಾರು 130 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಬೇಯಿಸುತ್ತಾರೆ. ಶಾಖ ಮಿತಿಮೀರಿದರೆ ಅದು ಸುಟ್ಟು ವಿಷಕರವಾದ ಹೊಗೆಯೇಳುತ್ತದೆ. ಆದುದರಿಂದ ಎಚ್ಚರಿಕೆ ಅವಶ್ಯಕ.

ಇಲ್ಲಿ ಗಣಿತದ ಪಾಠವೂ ಅಡಗಿದೆ. 5 ಸೆಂಟಿಮೀಟರ್ ಅಡ್ಡಳತೆಯ, 10 ಸೆಂಟಿಮೀಟರ್ ಉದ್ದದ ದಿಂಡನ್ನು 1 ಸೆಂಟಿಮೀಟರ್ ಅಡ್ಡಳತೆಗೆ ಇಳಿಸಿದರೆ ಅದರ ಉದ್ದವು 250 ಸೆಂಟಿಮೀಟರ್ ಆಗುತ್ತದೆ. 2 ಮಿಲಿಮೀಟರ್ ದಪ್ಪಕ್ಕೆ ಕೊಯ್ದರೆ, ಕೆಟ್ಟುಹೋಗುವ ತುದಿಗಳನ್ನು ಬಿಟ್ಟರೂ, ಸಾವಿರಕ್ಕೂ ಮಿಕ್ಕಿದ ಹೂಗಳು ದೊರೆಯುತ್ತವೆ. ಒಮ್ಮೆ ಜೋಡಿಸಿದ ಶ್ರಮಕ್ಕೆ ಸಾವಿರ ಮಡಿ ಫಲ!

ಈ ವಸ್ತು ಹೊಸದು. 1930ರ ದಶಕದಲ್ಲಿ ಜರ್ಮನಿಯಲ್ಲಿ, ಗೊಂಬೆಗಳ ತಯಾರಿಕೆಗೆ ಪ್ರಸಿದ್ಧಳಾದ ಕೇಟೆ ಕ್ರೂಸೆಯ ಮನೆತನದಲ್ಲಿ ಇಂಥ ವಸ್ತುವಿನ ಪ್ರಯೋಗ ನಡೆಯಿತು. 1964ರಲ್ಲಿ ಆ ತಯಾರಿಕೆಯು ಎಬರ್‌ಹಾರ್ಡ್ ಫಾಬರ್ ಸಂಸ್ಥೆಯ ಕೈಸೇರಿ, ‘ಫಿಮೊ’ ಎಂಬ ಹೆಸರಿನಿಂದ ಪ್ರಚಾರಕ್ಕೆ ಬಂದಿತು. 1980ರ ದಶಕದಲ್ಲಿ ಅಮೆರಿಕದ ಕುಶಲಕರ್ಮಿಗಳು ಇದರಲ್ಲಿ ಚಿತ್ರದ ದಿಂಡುಗಳನ್ನು ಮಾಡುವ ಕ್ರಮವನ್ನು ಬೆಳೆಸಿದರು. ಕ್ರಮವಾದರೋ ಬಹಳ ಹಳೆಯದು. ಎರಡು ಸಾವಿರ ವರ್ಷಗಳ ಹಿಂದೆಯೇ ಮೆಡಿಟರೇನಿಯನ್ ತೀರದ ಗಾಜುಗಾರರು ಬಣ್ಣಬಣ್ಣದ ಗಾಜಿನ ಕಡ್ಡಿಗಳನ್ನು ಕೂಡಿಸಿ, ಕಾಯಿಸಿ, ಎಳೆದು, ತುಂಡರಿಸುತ್ತಿದ್ದರು. ವೆನಿಸ್ ಬಳಿಯ ಮುರಾನೊ ದ್ವೀಪದವರು ಅದಕ್ಕೆ ಹೊಸ ಜೀವವನ್ನಿತ್ತರು. ಅವರ ‘ಮಿಲ್ಲೆಫಿಯೋರಿ’ ಎಂಬ ಮಾತಿಗೆ ‘ಸಾವಿರ ಹೂಗಳು’ ಎಂದರ್ಥ.

ಇಷ್ಟನ್ನು ಓದಿ, ಇದೆಲ್ಲವೂ ಪರದೇಶದ ವಿದ್ಯೆಯೆಂದು ಭಾವಿಸುವುದು ಸರಿಯಲ್ಲ. ಗಾಜನ್ನು ಉದ್ದವಾಗಿ ಎಳೆದು ಮಣಿಗಳಾಗಿ ಕತ್ತರಿಸುವ ವಿದ್ಯೆಯಲ್ಲಿ ದಕ್ಷಿಣ ಭಾರತವು ಪ್ರಾಚೀನ ಕಾಲದಿಂದಲೂ ನಿಪುಣವಾಗಿತ್ತು. ಪುದುಚೇರಿಯ ಸಮೀಪದ ಅರಿಕಮೇಡು ಇದರ ಪ್ರಸಿದ್ಧ ಕೇಂದ್ರ. 1945ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ಉತ್ಖನನ ನಡೆಸಿದರು. ಈ ಜಾತಿಯ ಸಣ್ಣ ಮಣಿಗಳು ಆಫ್ರಿಕದ ಪೂರ್ವ ತೀರದಿಂದ ಕೊರಿಯಾದವರೆಗೂ ದೊರೆತಿವೆ. ತಿರುಪತಿಯ ಸಮೀಪದ ಪಾಪನಾಯುಡುಪೇಟೆಯ ಗಾಜುಗಾರರ ಕೆಲಸವನ್ನು ಮಣಿಗಳ ಸಂಶೋಧಕ ಪೀಟರ್ ಫ್ರಾನ್ಸಿಸ್ ಪರಿಶೀಲಿಸಿ ಬರೆದಿದ್ದಾರೆ. ಕುಲುಮೆಯಲ್ಲಿ ಕರಗಿದ ಗಾಜಿನ ಭಾರಿ ಮುದ್ದೆಯನ್ನು ಕಬ್ಬಿಣದ ಕೊಳವೆಗೆ ಅಂಟಿಸಿ, ಅದರಿಂದ ಟೊಳ್ಳಾದ ಎಳೆಯನ್ನು ಗಂಟೆಗಟ್ಟಲೆ ಎಳೆದು, ಸಣ್ಣಗೆ ಕತ್ತರಿಸಿ, ಬೂದಿಯೊಡನೆ ಕಾಯಿಸಿ ಅಂಚುಗಳನ್ನು ನುಣುಪುಗೊಳಿಸುವುದು ಅವರ ಪದ್ಧತಿ. ಇವು ಬಹುಮಟ್ಟಿಗೆ ಒಂದೇ ಬಣ್ಣದ ಮಣಿಗಳು, ಹೂವಿನವಲ್ಲ. ಆದರೂ ಎಳೆದು ಕತ್ತರಿಸುವ ತತ್ತ್ವ ಒಂದೇ.

ನಮ್ಮ ಸೀಮೆಗೂ ಮಣಿಗಳಿಗೂ ಇರುವ ನಂಟು ದೂರದ್ದಲ್ಲ. ಆದೋನಿಯಿಂದ ತುಂಗಭದ್ರೆಯನ್ನು ದಾಟಿದರೆ ರಾಯಚೂರು ಜಿಲ್ಲೆ. ಅಲ್ಲಿಯ ಮಸ್ಕಿಯಲ್ಲಿ 1954ರಲ್ಲಿ ಬಿ. ಕೆ. ಥಾಪರ್ ಅವರು ನಡೆಸಿದ ಉತ್ಖನನದಲ್ಲಿ ಬಗೆಬಗೆಯ ಮಣಿಗಳು ದೊರೆತವು. ನಮ್ಮ ಕರ್ನೂಲು ಜಿಲ್ಲೆಯಲ್ಲಿಯೇ ಅಶೋಕನ ಶಾಸನಗಳಿರುವ ಎರ್ರಗುಡಿಯಿದೆ. ಅದಕ್ಕೆ ಸಮೀಪದ ಜೊನ್ನಗಿರಿ, ತುಗ್ಗಲಿಗಳ ಹೊಲಗಳಲ್ಲಿ ಮುಂಗಾರಿನ ಮೊದಲ ಮಳೆ ಬಿದ್ದೊಡನೆ ಜನರು ಗುಂಪುಗುಂಪಾಗಿ ವಜ್ರವನ್ನು ಹುಡುಕುತ್ತಾರೆ. ವಜ್ರಕ್ಕೆ ಬೆಲೆಯುಂಟು, ಆದರೆ ಹಳೆಯೂರಿನ ದಿಬ್ಬದಲ್ಲಿ ತೇಲಿದ ಒಂದು ಗಾಜಿನ ಮಣಿಗೆ ಹೇಳಲು ಒಂದು ಕಥೆಯುಂಟು. ಅದರೊಳಗಿನ ಗುಳ್ಳೆಗಳೂ ಗೆರೆಗಳೂ ತೂತಿನ ಗುಂಟ ನೇರವಾಗಿ ಹೋದರೆ ಅದು ಎಳೆದು ಕತ್ತರಿಸಿದ ಮಣಿ; ತೂತನ್ನು ಸುತ್ತುವರಿದಿದ್ದರೆ ಕಡ್ಡಿಗೆ ಸುತ್ತಿ ಮಾಡಿದ ಮಣಿ. ಅದನ್ನು ಜೇಬಿಗೆ ಹಾಕಿಕೊಂಡು ಬಂದರೆ ಅರ್ಧ ಕಥೆ ಅಲ್ಲಿಯೇ ಅಳಿಯುತ್ತದೆ. ಯಾವ ನೆಲದಲ್ಲಿ, ಯಾವುದರ ಜೊತೆಯಲ್ಲಿ ಇತ್ತೆಂಬುದೇ ಚರಿತ್ರಕಾರನಿಗೆ ಮುಖ್ಯ. ಇದ್ದಲ್ಲಿಯೇ ಬಿಟ್ಟು ಉಪಾಧ್ಯಾಯರಿಗೆ ತಿಳಿಸಬೇಕು. ಉಪಾಧ್ಯಾಯರು ಪುರಾತತ್ತ್ವ ಇಲಾಖೆಗೆ ತಿಳಿಸಬೇಕು.

ಪಾಲಿಮರ್ ಕ್ಲೇ ಕೊಳ್ಳಲಾಗದ ಶಾಲೆಗಳು ಅನೇಕ. ಚಿಂತೆಯಿಲ್ಲ. ಮೈದಾಹಿಟ್ಟಿಗೆ ಉಪ್ಪು, ನೀರು, ಬಣ್ಣ ಸೇರಿಸಿದ ಗಟ್ಟಿ ಕಣಕದಿಂದಲೂ ಈ ತತ್ತ್ವವನ್ನು ತೋರಿಸಬಹುದು. ಹಳದಿಗೆ ಅರಿಸಿನವೇ ಸಾಕು. ಮಕ್ಕಳು ತಮ್ಮ ಕೈಯಾರೆ ದಿಂಡನ್ನು ಎಳೆದು, ಕೊಯ್ದು, ಒಳಗಿನ ಹೂವನ್ನು ಕಂಡ ಮೇಲೆ ಅರಿಕಮೇಡಿನ ಹೆಸರನ್ನು ಹೇಳೋಣ. ಆಗ ಅದು ಬಾಯಿಪಾಠದ ಹೆಸರಾಗಿ ಉಳಿಯದು. ಕೈ ಅರಿತ ಚರಿತ್ರೆಯನ್ನು ಮನಸ್ಸು ಬೇಗ ಮರೆಯದು. ಹಾಗೆ ಅರಿತ ಮಗುವು ಹೊಲದಲ್ಲಿ ಕಂಡ ಮಣಿಯನ್ನು ತುಳಿದು ಹೋಗದು.