ವಾಟ್ ಹೇಳದ ಮಾತು: ಗಿಟಾರ್ ಕ್ಯಾಬಿನೆಟ್ಟಿಗೆ ಟ್ರಾನ್ಸಿಸ್ಟರ್ ಪವರ್ ಆಂಪ್ ಆಯ್ಕೆ ಮತ್ತು ಔಟ್‌ಪುಟ್ ಇಂಪೀಡೆನ್ಸ್

ಗಿಟಾರ್ ಸ್ಪೀಕರ್ ಕ್ಯಾಬಿನೆಟ್ಟಿಗೆ ಟ್ರಾನ್ಸಿಸ್ಟರ್ ಪವರ್ ಆಂಪ್ ಹುಡುಕುವವರ ಮೊದಲ ಪ್ರಶ್ನೆ ಎಷ್ಟು ವಾಟ್ ಎಂಬುದು. ಆ ಅಂಕಿ ಒಂಟಿಯಾಗಿ ನಿಂತಾಗ ಅದರಿಂದ ಹೆಚ್ಚೇನೂ ತಿಳಿಯುವುದಿಲ್ಲ. ಸೀಮರ್ ಡಂಕನ್ ಪವರ್‌ಸ್ಟೇಜ್ 170 ಎಂಬ ಪುಟ್ಟ ಆಂಪನ್ನೇ ತೆಗೆದುಕೊಳ್ಳಿ. ಹೆಸರಿನಲ್ಲಿರುವ 170 ವಾಟ್ 4 ಓಮ್ ಲೋಡಿಗೆ ಸಿಗುವ ಶಕ್ತಿ. ಅಂದರೆ ಅದು ಕೊಡಬಲ್ಲ ವೋಲ್ಟೇಜ್ ಹೆಚ್ಚೆಂದರೆ 26ರ ಆಸುಪಾಸು. ಈ ವೋಲ್ಟೇಜಿನ ಮಿತಿ ಬದಲಾಗದೆಂದು ಹಿಡಿದು ಲೆಕ್ಕ ಹಾಕಿದರೆ 8 ಓಮಿಗೆ 85 ವಾಟ್, 16 ಓಮಿಗೆ ಬರೀ 42 ವಾಟ್ ಉಳಿಯುತ್ತದೆ. ವಾಲ್ವ್ ಆಂಪಿಗೆ ಈ ತಾಪತ್ರಯವಿಲ್ಲ. ಅದರ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಲ್ಲಿ 4, 8, 16 ಓಮ್‌ಗಳಿಗೆ ಬೇರೆಬೇರೆ ಟ್ಯಾಪ್ ಇರುವುದರಿಂದ ಯಾವ ಕ್ಯಾಬಿನೆಟ್ಟಿಗೂ ಪೂರ್ಣ ಶಕ್ತಿಯೇ ಸಲ್ಲುತ್ತದೆ. ಮಾರ್ಷಲ್ 1960ಎ ಕ್ಯಾಬಿನೆಟ್ಟಿನ ಬೆನ್ನಿಗೆ 4 ಓಮ್ ಮತ್ತು 16 ಓಮ್ ಎರಡೂ ಬಗೆಯ ಮೋನೋ ಜೋಡಣೆ ಇದೆ. ಒಳಗಿರುವುದು ಅವೇ ನಾಲ್ಕು 16 ಓಮ್ ಸ್ಪೀಕರ್‌ಗಳು. ವಾಲ್ವ್ ಆಂಪಿನವರು ಯಾವುದರಲ್ಲಿ ಸಿಕ್ಕಿಸಿದರೂ ನಡೆದೀತು. ಟ್ರಾನ್ಸಿಸ್ಟರಿನವರು ತಪ್ಪಾದದ್ದನ್ನು ಆರಿಸಿದರೆ ತಲಾ 42 ವಾಟ್ ಪಡೆಯಬೇಕಿದ್ದ ಸ್ಪೀಕರ್‌ಗಳಿಗೆ ತಲಾ 11 ವಾಟ್ ಕೂಡ ದಕ್ಕುವುದಿಲ್ಲ.

ಇಷ್ಟು ಓಮನ ನಿಯಮದ ಸರಳ ಲೆಕ್ಕ, ವಿವಾದಕ್ಕೆ ಎಡೆಯಿಲ್ಲ. ವಾಟಿಗಿಂತ ನಿರ್ಣಾಯಕವಾದದ್ದು ಆಂಪಿನ ಔಟ್‌ಪುಟ್ ಇಂಪೀಡೆನ್ಸ್, ಮತ್ತು ಅದು ಎಷ್ಟಿರಬೇಕೆಂಬುದು ಆಂಪಿಗೆ ಮುಂಚೆ ಸಿಗ್ನಲ್ ಯಾವ ಯಂತ್ರದಿಂದ ಬರುತ್ತದೆ ಎಂಬುದರ ಮೇಲೆ ನಿಂತಿದೆ ಎಂಬುದು ಇಲ್ಲಿನ ವಾದ. ಇದಕ್ಕೆ ಮೊದಲ ಆಧಾರ ಸ್ಪೀಕರಿನಲ್ಲೇ ಇದೆ. 8 ಓಮ್ ಎಂದು ಬೆನ್ನಿನ ಮೇಲೆ ಬರೆದಿದ್ದರೂ ಯಾವ ಸ್ಪೀಕರೂ ಎಲ್ಲ ಕಂಪನಾಂಕಗಳಲ್ಲಿ 8 ಓಮ್ ಆಗಿರುವುದಿಲ್ಲ. ಕೋನ್ ತನ್ನ ಸಹಜ ಅನುರಣನದಲ್ಲಿ ತೂಗುವಾಗ ಕಾಯಿಲ್ ತಾನೇ ಜನರೇಟರಿನಂತೆ ವರ್ತಿಸಿ ಕರೆಂಟಿಗೆ ಎದುರು ನಿಲ್ಲುತ್ತದೆ, ಇಂಪೀಡೆನ್ಸ್ ಹಲವು ಪಟ್ಟು ಏರುತ್ತದೆ. ಸೆಲೆಸ್ಟಿಯನ್ ವಿಂಟೇಜ್ 30 ಸ್ಪೀಕರಿನಲ್ಲಿ ಈ ಶಿಖರ 75 ಹರ್ಟ್ಸಿನಲ್ಲಿದೆ. ಮುಚ್ಚಿದ ಪೆಟ್ಟಿಗೆಯೊಳಗೆ ಕೂರಿಸಿದರೆ ಇನ್ನೂ ಮೇಲಕ್ಕೆ ಸರಿಯುತ್ತದೆ. ಗಿಟಾರಿನ ಅತಿ ದಪ್ಪ ತಂತಿಯನ್ನು ಬಿಡಿಯಾಗಿ ಮೀಟಿದರೆ ಹೊಮ್ಮುವುದು 82 ಹರ್ಟ್ಸ್. ಹೀಗಾಗಿ ವಾದ್ಯದ ಮಂದ್ರದ ತುದಿಯೂ ಸ್ಪೀಕರಿನ ಶಿಖರವೂ ಒಂದೇ ಓಣಿಯಲ್ಲಿವೆ. ಇತ್ತ ತಾರದ ಕಡೆ ಕಾಯಿಲಿನ ಇಂಡಕ್ಟೆನ್ಸ್ ಕಾರಣದಿಂದ ಇಂಪೀಡೆನ್ಸ್ ಮತ್ತೆ ಮೆಲ್ಲಗೆ ಏರುತ್ತ ಹೋಗುತ್ತದೆ.

ಈಗ ಒಂದು ಲೆಕ್ಕ. ಶಿಖರದಲ್ಲಿ 60 ಓಮ್, ಮಧ್ಯದಲ್ಲಿ 8, 5000 ಹರ್ಟ್ಸ್ ಹತ್ತಿರ 24 ಓಮ್ ಇರುವ ಸ್ಪೀಕರನ್ನು ಕಲ್ಪಿಸಿಕೊಳ್ಳೋಣ. ಆಂಪಿನ ಔಟ್‌ಪುಟ್ ಇಂಪೀಡೆನ್ಸ್ 8 ಓಮ್ ಆಗಿದ್ದರೆ ವೋಲ್ಟೇಜ್ ಇಬ್ಬರ ನಡುವೆ ಹಂಚಿಹೋಗಿ, ಮಧ್ಯದ ಸ್ವರಗಳಿಗಿಂತ ಮಂದ್ರ ಸುಮಾರು 5 ಡೆಸಿಬೆಲ್, ತಾರ ಸುಮಾರು 3.5 ಡೆಸಿಬೆಲ್ ಮೇಲೇಳುತ್ತವೆ. ಅದೇ 0.05 ಓಮ್ ಆಗಿದ್ದರೆ ಎಲ್ಲವೂ ಸಪಾಟು. ವಾಲ್ವ್ ಆಂಪಿನ ‘ತುಂಬು ದನಿ’ ಎಂದು ಜನ ಹೊಗಳುವುದರಲ್ಲಿ, ಟ್ರಾನ್ಸಿಸ್ಟರ್ ಆಂಪನ್ನು ಪೇಲವ ಎಂದು ಜರೆಯುವುದರಲ್ಲಿ ಈ ವ್ಯತ್ಯಾಸದ ಪಾಲು ದೊಡ್ಡದು. ಹಾಗೆಂದು ವಾಲ್ವ್ ಆಂಪುಗಳೆಲ್ಲ ಒಂದೇ ಎಂದುಕೊಳ್ಳಬಾರದು. ವಾಕ್ಸ್ ಎಸಿ30ರ ಪವರ್ ಹಂತದಲ್ಲಿ ನೆಗೆಟಿವ್ ಫೀಡ್‌ಬ್ಯಾಕ್ ಇಲ್ಲ, ಅದರ ಔಟ್‌ಪುಟ್ ಇಂಪೀಡೆನ್ಸ್ ಹೆಚ್ಚು. ಫೆಂಡರ್ ಬಾಸ್‌ಮನ್ನಿನ ಸರ್ಕ್ಯೂಟಿನಿಂದ ಹುಟ್ಟಿದ ಮಾರ್ಷಲ್ ಜೆಟಿಎಂ45ರಲ್ಲಿ ಫೀಡ್‌ಬ್ಯಾಕ್ ಇದೆ, ಹಾಗಾಗಿ ಕಡಿಮೆ. ನಕಲು ಮಾಡಬೇಕಾದ ಮೂಲವೇ ಒಂದಲ್ಲ ಎಂಬುದನ್ನು ‘ವಾಲ್ವ್ ಫೀಲ್’ ಎಂಬ ಜಾಹೀರಾತಿನ ಮಾತು ಮರೆಸಿಬಿಡುತ್ತದೆ.

ಟ್ರಾನ್ಸಿಸ್ಟರಿನಲ್ಲೂ ಈ ಇಂಪೀಡೆನ್ಸನ್ನು ಬೇಕೆಂದೇ ಏರಿಸಬಹುದು. ಸ್ಪೀಕರಿನೊಂದಿಗೆ ಸರಣಿಯಲ್ಲಿ ಒಂದು ಓಮಿಗಿಂತ ಎಷ್ಟೋ ಕಡಿಮೆಯ ರೆಸಿಸ್ಟರ್ ಇಟ್ಟು, ಅದರ ಮೇಲೆ ಕಾಣುವ ವೋಲ್ಟೇಜನ್ನು ಫೀಡ್‌ಬ್ಯಾಕಿಗೆ ಸೇರಿಸಿದರೆ ಸಾಕು. 1990ರ ದಶಕದ ಮಾರ್ಷಲ್ ವಾಲ್ವ್‌ಸ್ಟೇಟ್ ಆಂಪುಗಳು ಹಿಡಿದದ್ದು ಈ ದಾರಿ. ಹಾಗಾದರೆ ಎಲ್ಲರೂ ಅಂಥದ್ದನ್ನೇ ಕೊಳ್ಳಬೇಕೆ? ಇಲ್ಲ. ಫ್ರ್ಯಾಕ್ಟಲ್ ಆಕ್ಸ್-ಎಫ್‌ಎಕ್ಸ್‌ನಂಥ ಮಾಡೆಲರುಗಳು ವಾಲ್ವ್ ಪವರ್ ಹಂತವನ್ನೂ ಅದರ ಮೇಲೆ ಸ್ಪೀಕರಿನ ಇಂಪೀಡೆನ್ಸ್ ರೇಖೆ ಬೀರುವ ಪ್ರಭಾವವನ್ನೂ ಒಳಗೇ ಗಣಿಸಿ ಕಳಿಸುತ್ತವೆ. ಅಂಥ ಸಿಗ್ನಲನ್ನು ಹೆಚ್ಚು ಇಂಪೀಡೆನ್ಸಿನ ಆಂಪಿಗೆ ಕೊಟ್ಟರೆ ಅದೇ 5 ಡೆಸಿಬೆಲ್ ಎರಡು ಸಲ ಸೇರುತ್ತದೆ, ಉಪ್ಪು ಹಾಕಿದ ಸಾರಿಗೆ ಮತ್ತೊಮ್ಮೆ ಉಪ್ಪು ಸುರಿದ ಹಾಗೆ. ಅಲ್ಲಿ ಕಡಿಮೆ ಇಂಪೀಡೆನ್ಸಿನ ಕ್ಲಾಸ್ ಡಿ ಆಂಪೇ ಸರಿ. ಬರೀ ಪ್ರೀಆಂಪ್ ಪೆಡಲಿನಿಂದ ನೇರ ಕ್ಯಾಬಿನೆಟ್ಟಿಗೆ ಹೋಗುವವರಿಗೆ ಮಾತ್ರ ಇಂಪೀಡೆನ್ಸ್ ಏರಿಸಿದ ಆಂಪು ನಿಜವಾದ ಲಾಭ ಕೊಡುತ್ತದೆ.

ಇದಕ್ಕೆ ಬರುವ ಬಲವಾದ ಆಕ್ಷೇಪ ಈಕ್ವಲೈಸರಿನದು: ಮಂದ್ರ ತಾರಗಳನ್ನು ಒಂದಿಷ್ಟು ಎತ್ತಿದರೆ ಮುಗಿಯಿತಲ್ಲ? ಬಹುಪಾಲು ಒಪ್ಪಬೇಕಾದ ಮಾತಿದು. ಕೋನಿನ ‘ಹಿಡಿತ’ ಎಂಬುದು ಈಕ್ವಲೈಸರಿಗೆ ಎಟುಕದ ಬೇರೆಯೇ ಗುಣ ಎನ್ನುವವರಿದ್ದಾರೆ. ಆದರೆ ಸ್ಪೀಕರ್ ರೇಖೀಯವಾಗಿ ವರ್ತಿಸುವಷ್ಟು ಹೊತ್ತೂ ಹಿಡಿತ ಬೇರೆ, ಕಂಪನಾಂಕ ರೇಖೆ ಬೇರೆ ಅಲ್ಲ. ಒಂದನ್ನು ಸರಿಹೊಂದಿಸಿದರೆ ಇನ್ನೊಂದೂ ಹೊಂದುತ್ತದೆ. ತೊಡಕು ಎರಡು ಕಡೆ. ಕ್ಯಾಬಿನೆಟ್ ಬದಲಾದರೆ ಶಿಖರದ ಜಾಗವೂ ಬದಲಾಗುತ್ತದೆ, ಈಕ್ವಲೈಸರಿಗೆ ಅದು ತಿಳಿಯದು. ಎರಡನೆಯದು ಶಾಖ. ತಾಮ್ರದ ರೋಧ ಪ್ರತಿ ಡಿಗ್ರಿಗೆ ಸುಮಾರು ಶೇ. 0.39ರಷ್ಟು ಏರುತ್ತದೆ. ಜೋರಾಗಿ ನುಡಿಸುವಾಗ ಕಾಯಿಲ್ 150 ಡಿಗ್ರಿ ಹೆಚ್ಚು ಬಿಸಿಯಾದರೆ 6.5 ಓಮಿನ ತಂತಿ 10.3 ಓಮ್ ಆಗುತ್ತದೆ. ಮಧ್ಯದ ಕಂಪನಾಂಕಗಳಲ್ಲಿ ಕಡಿಮೆ ಇಂಪೀಡೆನ್ಸಿನ ಆಂಪಿಗೆ ಇದರಿಂದ ಸುಮಾರು 4 ಡೆಸಿಬೆಲ್ ನಷ್ಟ, 8 ಓಮಿನದಕ್ಕೆ ಸುಮಾರು 2. ಈಕ್ವಲೈಸರ್ ತುಂಬಲಾಗದ ಅಂತರವೆಂದರೆ ಇದೇ.

ಇನ್ನೊಂದು ಆಕ್ಷೇಪ, ವಾಲ್ವಿನ 50 ವಾಟ್ ಟ್ರಾನ್ಸಿಸ್ಟರಿನ 100 ವಾಟನ್ನು ಮೀರಿಸುತ್ತದೆಂಬ ಹಳೆಯ ಮಾತು. 1973ರಲ್ಲಿ ರಸೆಲ್ ಹ್ಯಾಮ್ ಆಡಿಯೋ ಇಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ, ಮಿತಿ ಮೀರಿದಾಗ ವಾಲ್ವ್ ಮತ್ತು ಟ್ರಾನ್ಸಿಸ್ಟರ್ ಪ್ರೀಆಂಪುಗಳು ಬೇರೆಬೇರೆ ಹಾರ್ಮೋನಿಕ್‌ಗಳನ್ನು ಹುಟ್ಟಿಸುತ್ತವೆಂದು ತೋರಿಸಿದರು. ಆದರೆ ಅವರು ಪರೀಕ್ಷಿಸಿದ್ದು ಮೈಕ್ರೋಫೋನ್ ಪ್ರೀಆಂಪುಗಳನ್ನು, ಪವರ್ ಆಂಪುಗಳನ್ನಲ್ಲ; ಹಾಗಾಗಿ ಈ ಹಳೆಯ ಮಾತಿಗೆ ಅದು ನೇರ ಆಧಾರವಾಗದು. ಆದರೂ ಆ ಮಾತಿನಲ್ಲಿ ತಿರುಳಿದೆ: ವಾಲ್ವ್ ಆಂಪನ್ನು ಅಂಕಿಯಾಚೆಗೂ ದುಡಿಸಿಕೊಳ್ಳುತ್ತಾರೆ, ಟ್ರಾನ್ಸಿಸ್ಟರನ್ನು ಅಂಕಿಯೊಳಗೇ ಇಡಬೇಕು. ಅದಕ್ಕೆ ಪರಿಹಾರ ಎರಡು ಮೂರು ಪಟ್ಟು ವಾಟ್, ಇಲ್ಲವೇ ಸ್ಪೀಕರಿನ ದಕ್ಷತೆ. ಒಂದು ವಾಟಿಗೆ 97 ಡೆಸಿಬೆಲ್ ಕೊಡುವ ಸ್ಪೀಕರ್ ತೆಗೆದು 100 ಕೊಡುವುದನ್ನು ಹಾಕಿದರೆ ಆಂಪಿನ ಶಕ್ತಿ ಇಮ್ಮಡಿಯಾದಂತೆ.

ಔಟ್‌ಪುಟ್ ಇಂಪೀಡೆನ್ಸನ್ನು ಗಿಟಾರ್ ಆಂಪಿನ ವಿವರಪಟ್ಟಿಗಳು ವಿರಳವಾಗಿ ಹೇಳುತ್ತವೆ. ಡ್ಯಾಂಪಿಂಗ್ ಫ್ಯಾಕ್ಟರ್ ಕೊಟ್ಟಿದ್ದರೆ 8ನ್ನು ಅದರಿಂದ ಭಾಗಿಸಿ. 40 ಇದ್ದರೆ 0.2 ಓಮ್, 400 ಇದ್ದರೆ 0.02. ಕಾಯಿಲಿನದೇ 6.5 ಓಮ್ ಇರುವಾಗ ಇವೆರಡರ ನಡುವಿನ ಅಂತರಕ್ಕೆ ದುಡ್ಡು ತೆರುವುದು ದಂಡ. ಅಂಕಿ ಇಲ್ಲವಾದರೆ ಅಳೆಯಬಹುದು. ಟ್ರಾನ್ಸಿಸ್ಟರ್ ಆಂಪಿಗೆ 200 ಹರ್ಟ್ಸಿನ ಸ್ವರ ಕೊಟ್ಟು, ಲೋಡಿಲ್ಲದೆ 4 ವೋಲ್ಟ್ ಬರುವಂತೆ ಇಟ್ಟು, 10 ವಾಟಿನ 8 ಓಮ್ ರೆಸಿಸ್ಟರ್ ಜೋಡಿಸಿ ಮಲ್ಟಿಮೀಟರ್ ನೋಡಬೇಕು. 3.98ರಲ್ಲಿ ನಿಂತರೆ ಅದು 0.04 ಓಮ್. 2.67ಕ್ಕೆ ಇಳಿದರೆ 4 ಓಮ್. ವಾಲ್ವ್ ಆಂಪಿನ ಮೇಲೆ ಈ ಪರೀಕ್ಷೆ ಬೇಡ, ಲೋಡಿಲ್ಲದೆ ಅದರ ಟ್ರಾನ್ಸ್‌ಫಾರ್ಮರ್ ಸುಡಬಹುದು. ಮಲ್ಟಿಮೀಟರಿನ ಬದಲು ಆಸಿಲೋಸ್ಕೋಪ್ ಬಳಸುವುದೂ ಸಲ್ಲ. ಕ್ಲಾಸ್ ಡಿ ಆಂಪುಗಳಲ್ಲಿ ಹಲವು ಬ್ರಿಜ್ ಜೋಡಣೆಯವು. ಅವುಗಳ ಕಪ್ಪು ಟರ್ಮಿನಲ್ಲಿನಲ್ಲೂ ಸಿಗ್ನಲ್ ಇರುತ್ತದೆ, ಸ್ಕೋಪಿನ ಅರ್ತ್ ಕ್ಲಿಪ್ ತಾಗಿದೊಡನೆ ಶಾರ್ಟ್.