ದೆಹಲಿಯ ನಾಯಿಗೂಡು: ಒಳಗೆ ಹೋದ ನಾಯಿ ಹೊರಗೆ ಬರುತ್ತಾ?

ದೆಹಲಿಯ ಬೀದಿನಾಯಿಗಳ ಬಗ್ಗೆ ಪರ-ವಿರೋಧದ ಮಾತು ಬೇಕಾದಷ್ಟು ಆಗಿದೆ. ನಾನು ಇವತ್ತು ಹೇಳೋಕೆ ಹೊರಟಿರೋದು ಅವುಗಳನ್ನು ಕೂಡಿಹಾಕುವ ಗೂಡಿನ ಕಥೆ. ಕಾಂಕ್ರೀಟ್ ನೆಲ, ವೆಲ್ಡ್ ಮಾಡಿದ ಕಬ್ಬಿಣದ ಜಾಲರಿ, ಒಂದು ಬಾಗಿಲು. ನೋಡೋಕೆ ಇಷ್ಟೇ. ಆದರೆ ನಾಯಿ ಅದರೊಳಗೆ ಯಾಕೆ ಇರಬೇಕು, ಎಷ್ಟು ದಿನ ಇರಬೇಕು ಅನ್ನೋದಕ್ಕೆ ಕಾನೂನು ಕೊಟ್ಟ ಉತ್ತರ ಮಾತ್ರ ಬದಲಾಗುತ್ತಲೇ ಬಂದಿದೆ.

ನಮ್ಮ ಹಳ್ಳಿಗಳ ದನದ ದೊಡ್ಡಿ ನೆನಪಿದೆಯಲ್ಲ? ಹೊಲಕ್ಕೆ ನುಗ್ಗಿದ ದನವನ್ನು ದೊಡ್ಡಿಗೆ ಹಾಕ್ತಿದ್ರು, ಯಜಮಾನ ದಂಡ ಕಟ್ಟಿ ಬಿಡಿಸಿಕೊಂಡು ಹೋಗ್ತಿದ್ದ. ಅದಕ್ಕೆ 1871ರ ಕಾಯ್ದೆಯೇ ಇತ್ತು. ಬೀದಿನಾಯಿಗೆ ಯಜಮಾನನೇ ಇಲ್ಲ, ಬಿಡಿಸಿಕೊಳ್ಳೋರು ಯಾರು? 1957ರ ದೆಹಲಿ ಪಾಲಿಕೆ ಕಾಯ್ದೆ, ಕೊರಳಪಟ್ಟಿ ಇಲ್ಲದೆ ಅಲೆಯುವ ನಾಯಿಗಳನ್ನು ಕೊಲ್ಲಿಸುವ ಅಧಿಕಾರವನ್ನು ಆಯುಕ್ತರಿಗೆ ಕೊಟ್ಟಿತು. ವಿಚಿತ್ರ ನೋಡಿ, ಪ್ರಾಣಿಹಿಂಸೆ ತಡೆಯೋಕೆ ಅಂತಲೇ ಬಂದ 1960ರ ಕಾಯ್ದೆಯೂ ಬೀದಿನಾಯಿಗಳನ್ನು ಕೊಲ್ಲುವ ಕೋಣೆಗೆ ವಿನಾಯಿತಿ ಕೊಟ್ಟಿದೆ.

ಆದರೆ ಎಷ್ಟು ಕೊಂದರೂ ಸಂಖ್ಯೆ ಇಳಿಯಲಿಲ್ಲ. ಖಾಲಿಯಾದ ಬೀದಿಗೆ ಪಕ್ಕದ ಬೀದಿಯ ನಾಯಿ ಬರುತ್ತೆ, ಮರಿ ಹಾಕುತ್ತೆ. 1959ರಲ್ಲಿ ಮದ್ರಾಸಿನಲ್ಲಿ ಹುಟ್ಟಿದ ಬ್ಲೂ ಕ್ರಾಸ್ ಸಂಸ್ಥೆ ಸಂತಾನಹರಣ ಚಿಕಿತ್ಸೆಯ ಪರವಾಗಿ ವಾದಿಸುತ್ತಾ ಬಂತು. 2001ರಲ್ಲಿ ಅದು ಇಡೀ ದೇಶದ ನಿಯಮವಾಯಿತು: ಹಿಡಿ, ಆಪರೇಷನ್ ಮಾಡು, ರೇಬಿಸ್ ಲಸಿಕೆ ಹಾಕು, ಹಿಡಿದ ಜಾಗಕ್ಕೇ ಬಿಡು. 2023ರ ಹೊಸ ನಿಯಮಗಳೂ ಇದೇ ದಾರಿ ಹಿಡಿದವು. ಗೂಡು ಈಗ ಗಾಯ ಮಾಗುವವರೆಗಿನ ಆಸ್ಪತ್ರೆ ವಾರ್ಡ್.

ಕಾಗದದ ಮೇಲಿನ ನಿಯಮ ಬೀದಿಯಲ್ಲಿ ಪೂರ್ತಿ ನಡೆಯಲಿಲ್ಲ. ರೇಬಿಸ್‌ಗೆ ಮಕ್ಕಳು ಬಲಿಯಾಗುತ್ತಿರುವ ಪತ್ರಿಕಾ ವರದಿ ನೋಡಿ ಸುಪ್ರೀಂ ಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. 2025ರ ಆಗಸ್ಟ್ 11ರಂದು, ದೆಹಲಿ ಮತ್ತು ಸುತ್ತಲಿನ ಊರುಗಳ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯತಾಣಕ್ಕೆ ಸೇರಿಸಿ, ಮತ್ತೆ ಬಿಡಬೇಡಿ ಅಂದಿತು. ಮೊದಲ ಹಂತದಲ್ಲಿ 5,000 ನಾಯಿಗಳಿಗೆ ಜಾಗ ಆಗಬೇಕಿತ್ತು, ಅದೂ ಕೆಲವೇ ವಾರಗಳಲ್ಲಿ. ಆಗಸ್ಟ್ 22ರಂದು ಮೂವರು ನ್ಯಾಯಮೂರ್ತಿಗಳ ಪೀಠ ಇದನ್ನು ಸಡಿಲಿಸಿತು. ಲಸಿಕೆ, ಆಪರೇಷನ್ ಆದ ನಾಯಿಯನ್ನು ವಾಪಸ್ ಬಿಡಿ. ರೇಬಿಸ್ ಇದ್ದದ್ದು, ಮೈಮೇಲೆ ಬೀಳುವಂಥದ್ದು ಮಾತ್ರ ಒಳಗಿರಲಿ. ನವೆಂಬರ್ 7ರ ಆದೇಶ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ನಾಯಿಗಳನ್ನು ಅಲ್ಲಿಗೆ ವಾಪಸ್ ಬಿಡಬಾರದು ಅಂದಿತು.

ಹಾಗಾದರೆ ವರ್ಷಗಟ್ಟಲೆ ಇರುವ ನಾಯಿಗೆ ಎಂಥ ಗೂಡು ಬೇಕು? ಇಲ್ಲಿ ಇಂಜಿನಿಯರಿಂಗ್ ಬರುತ್ತೆ. ನೆಲಕ್ಕೆ ಚರಂಡಿ ಕಡೆ ಇಳಿಜಾರು ಇರಬೇಕು, ಇಲ್ಲದಿದ್ದರೆ ಮೂತ್ರ ನಿಲ್ಲುತ್ತೆ. ಕಾಂಕ್ರೀಟ್ ಬಿರುಕು ಬಿಟ್ಟರೆ ಅದರಲ್ಲಿ ಪಾರ್ವೊ ವೈರಸ್ ತಿಂಗಳುಗಟ್ಟಲೆ ಉಳಿಯುತ್ತೆ, ಮರಿಗಳು ಸಾಯ್ತವೆ. ಸತುವಿನ ಲೇಪನ ಇರುವ ಪೈಪಾದರೂ ವೆಲ್ಡಿಂಗ್ ಶಾಖಕ್ಕೆ ಲೇಪನ ಸುಟ್ಟುಹೋಗುತ್ತೆ. ತುಕ್ಕು ಶುರುವಾಗೋದೇ ಆ ಬೆಸುಗೆಯಲ್ಲಿ. ಅಲ್ಲಿ ಮತ್ತೆ ಬಣ್ಣ ಹೊಡೆಯಲೇಬೇಕು. ಪಕ್ಕದ ಗೂಡಿಗೆ ನೀರು ಹರಿಯದಂತೆ ಕೆಳಗಡೆ ಗೋಡೆ ಬೇಕು. ಬೇಸಿಗೆಯಲ್ಲಿ 45 ಡಿಗ್ರಿ ಮುಟ್ಟುವ ದೆಹಲಿಯಲ್ಲಿ ಬರೀ ತಗಡಿನ ಮಾಡು ಅಂದ್ರೆ ಒಲೆ. ಜನವರಿಯ ಚಳಿಗೆ ಅದೇ ಕಾಂಕ್ರೀಟ್ ನೆಲ ಮಂಜುಗಡ್ಡೆ. ಮಲಗೋಕೆ ಒಂದು ಹಲಗೆಯಾದರೂ ಬೇಕು.

ಆದೇಶ ಬರೆಯೋಕೆ ಒಂದು ದಿನ ಸಾಕು. ಗೂಡನ್ನು ಮಾತ್ರ ದಿನಾ ತೊಳೀಬೇಕು, ಅದಕ್ಕೆ ಆಳು ಬೇಕು, ನೀರು ಬೇಕು, ವರ್ಷ ವರ್ಷವೂ ದುಡ್ಡು ಬೇಕು. ಅದಿಲ್ಲದೆ ಬಾಗಿಲು ಹಾಕಿಬಿಟ್ಟರೆ, 1960ರ ಆ ಕೋಣೆಗೇ ನಾವು ನಿಧಾನವಾಗಿ ವಾಪಸ್ ಹೋದ ಹಾಗೆ. ಮಗುವಿನ ಜೀವ ಉಳಿಯಬೇಕು ಅನ್ನೋದರಲ್ಲಿ ಎರಡು ಮಾತಿಲ್ಲ. ಅದಕ್ಕೇ ಹೇಳ್ತಿರೋದು, ಗೂಡು ಕಟ್ಟುವಾಗ ಲಸಿಕೆಯ ಲೆಕ್ಕವನ್ನೂ ಕೇಳಿ. ನಿಮ್ಮ ಊರಿನ ಪಾಲಿಕೆಗೂ ಇದೇ ಪ್ರಶ್ನೆ ಕೇಳಬಹುದು. ಮತ್ತೆ ಸಿಗೋಣ.